ಬೆಣಚುಕಲ್ಲಿನ ಸೀಮೆಯಲ್ಲಿ ಗೀರಿಲ್ಲದ ಫೋನ್: ಗೆಲ್ಲಲು ಹೊರಟವರಿಗೆ 13 ಸೂತ್ರಗಳು

ಬೆಳಿಗ್ಗೆ ಹೊಳವನಹಳ್ಳಿಯ ಬಸ್ ಸ್ಟಾಪ್‌ನಲ್ಲಿ ಐದು ನಿಮಿಷ ನಿಂತು ನೋಡಿ. ತುಮಕೂರಿನ ಕಾಲೇಜಿಗೆ ಹೊರಟವರು, ವಸಂತನರಸಾಪುರದ ಶಿಫ್ಟ್ ಹಿಡಿಯುವವರು, ಕೊರಟಗೆರೆಯಲ್ಲಿ ಕೆಲಸ ಇರುವವರು. ಎಲ್ಲರ ಕೈಯಲ್ಲೂ ಫೋನ್. ಹಾಲ್ ಟಿಕೆಟ್ ಅದರಲ್ಲೇ, ನೋಟ್ಸ್ ಅದರಲ್ಲೇ, ಸಂಬಳದ ಮೆಸೇಜು, ಕೋಚಿಂಗ್ ವಿಡಿಯೋ, ಇಂಟರ್‌ವ್ಯೂ ಕಾಲ್ ಎಲ್ಲವೂ ಅದರಲ್ಲೇ. ಇದು ಆಟಿಕೆಯಲ್ಲ, ನಿಮ್ಮ ಕಸುಬಿನ ಸಾಧನ. ಟೈಲರ್ ತನ್ನ ಕತ್ತರಿಯಲ್ಲಿ ಕಾಗದ ಕತ್ತರಿಸಲು ಯಾರಿಗೂ ಬಿಡುವುದಿಲ್ಲ. ನೀವೂ ಹಾಗೇ ಇರಿ.

"ಸ್ಕ್ರೀನ್ ಗಾರ್ಡ್ ಹಾಕಿಸಬೇಕಾ, ದುಡ್ಡು ದಂಡನಾ?" ಎಂದು ತಿಂಗಳುಗಟ್ಟಲೆ ಯೋಚಿಸುತ್ತಾ ಬರಿಗಾಜಿನ ಫೋನ್ ಹಿಡಿದು ಓಡಾಡುವವರು ಬಹಳ. ಈ ಅನುಮಾನ ಒಂದು ಚಾಳಿ. ಇವತ್ತೇ ಬಿಡಿ. ಉತ್ತರ ಹೌದು, ಹಾಕಿಸಿ. ಯಾಕೆ, ಯಾವುದು, ಹೇಗೆ ಎಂಬುದು ಮುಂದಿದೆ.

1. ಶತ್ರುವನ್ನು ಸರಿಯಾಗಿ ಗುರುತಿಸಿ.

ಬೀಗದ ಕೈಯನ್ನು ಬೈಯಬೇಡಿ. ಚಿಲ್ಲರೆಯನ್ನು ಬೈಯಬೇಡಿ. ಗೀರು ಮಾಡುವುದು ಬಹುಪಾಲು ಮರಳು.

1812ರಲ್ಲಿ ಫ್ರೀಡ್ರಿಖ್ ಮೋಸ್ ಎಂಬ ಜರ್ಮನ್ ಖನಿಜ ತಜ್ಞ ಖನಿಜಗಳನ್ನು ಗಡಸುತನದ ಪ್ರಕಾರ 1ರಿಂದ 10ರವರೆಗೆ ಸಾಲಾಗಿ ನಿಲ್ಲಿಸಿದ. ನಿಯಮ ಸರಳ: ಹೆಚ್ಚಿನ ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ. ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಫೆಲ್ಡ್‌ಸ್ಪಾರ್‌ಗೆ 6. ಈಗಿನ ಫೋನ್‌ಗಳ ಗಾಜಿಗೆ ಸಾಮಾನ್ಯವಾಗಿ 6ರ ಹತ್ತಿರ ಸಣ್ಣ ಗೀರು ಬೀಳತೊಡಗುತ್ತದೆ, 7ಕ್ಕೆ ಬಂದರೆ ಗೀರು ಆಳವಾಗುತ್ತದೆ. ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ನಮ್ಮ 1 ಮತ್ತು 2 ರೂಪಾಯಿ ನಾಣ್ಯಗಳ ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತಲೂ ಮೆತ್ತಗೆ. ನಾಣ್ಯ ತಾನಾಗಿ ಗಾಜನ್ನು ಗೀರಲಾರದು. ನಾಣ್ಯಕ್ಕೆ ಅಂಟಿಕೊಂಡು ಬಂದ ಮರಳಿನ ಕಣ ಗೀರುತ್ತದೆ.

2. ನಿಮ್ಮ ಊರಿನ ಮಣ್ಣನ್ನು ಓದಿ.

ನಾವು ಎಂಥ ನೆಲದಲ್ಲಿದ್ದೇವೆ ಗೊತ್ತೇ? ಕೊರಟಗೆರೆ, ಮಧುಗಿರಿ, ಪಾವಗಡದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯ ಸಾಲಿನವು. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. ಅಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಧುಗಿರಿಯ ಏಕಶಿಲಾ ಬೆಟ್ಟ ಇದೇ ಕಲ್ಲು. ಗ್ರಾನೈಟಿನಲ್ಲಿ ಮುಖ್ಯವಾಗಿ ಇರುವುದು ಎರಡು: ಫೆಲ್ಡ್‌ಸ್ಪಾರ್ ಮತ್ತು ಬೆಣಚು. ಅಂದರೆ ಮೋಸ್ ಸಾಲಿನ 6 ಮತ್ತು 7. ನಿಮ್ಮ ಫೋನಿನ ಗಾಜಿಗೆ ಆಗದ ಎರಡೂ ಅಂಕಿ ಒಂದೇ ಕಲ್ಲಿನಲ್ಲಿವೆ.

ಮಳೆ ಬಿಸಿಲಿಗೆ ಈ ಕಲ್ಲು ಕರಗುವಾಗ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ, ಕಬ್ಬಿಣದ ಅಂಶ ತುಕ್ಕಾಗಿ ಮಣ್ಣು ಕೆಂಪಾಗುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ, ಹಾಗೇ ಉಳಿಯುತ್ತದೆ. ಹೊಲದ ಕೆಮ್ಮಣ್ಣನ್ನು ಅಂಗೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ, ಮಿನುಗುವ ಚೂರುಗಳು ಕಾಣುತ್ತವೆ. ಜಯಮಂಗಲಿ ಹೊಳೆಯ ಮರಳಿನಲ್ಲಿ ಇರುವುದೂ ಅದೇ. ಮನೆ ಕಟ್ಟುವ ಕಡೆ ಸುರಿದಿರುವ ಎಂ ಸ್ಯಾಂಡ್ ಅಂತೂ ಇಡೀ ಕಲ್ಲನ್ನೇ ಪುಡಿ ಮಾಡಿದ್ದು. ಹೊಳೆಯಲ್ಲಿ ಉರುಳಿ ನುಣುಪಾಗದ ಕಾರಣ ಅದರ ಅಂಚು ಇನ್ನೂ ಚೂಪು. ಚಿಕ್ಕಂದಿನಲ್ಲಿ ಎರಡು ಬೆಣಚುಕಲ್ಲು ತಿಕ್ಕಿ ಕತ್ತಲಲ್ಲಿ ಕಿಡಿ ನೋಡಿದ್ದೀರಲ್ಲ, ಆ ಕಲ್ಲಿನ ಪುಡಿಯೇ ಈಗ ನಿಮ್ಮ ಫೋನಿನ ಮೇಲೆ ಕೂತಿದೆ. ಬೆಂಗಳೂರಿನ ಏಸಿ ಆಫೀಸಿನವನು ಗಾರ್ಡ್ ಬೇಡ ಎಂದರೆ ಅದು ಅವನ ಲೆಕ್ಕ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಿನವರು, ಶಿರಾದವರೂ ಸೇರಿ, ಧೂಳಿನ ದಾರಿಯಲ್ಲಿ ದಿನಾ ಓಡಾಡುವವರು. ನಮ್ಮ ಲೆಕ್ಕ ಬೇರೆ.

3. "ಗಾಜು ಗಟ್ಟಿ ಇದೆ, ಏನೂ ಬೇಡ" ಎನ್ನಬೇಡಿ.

ಗಟ್ಟಿತನ ಬೇರೆ, ಗಡಸುತನ ಬೇರೆ. ಈ ವ್ಯತ್ಯಾಸ ಹಿಡಿದವರು ಫೋನಿನ ಜಾಹೀರಾತಿಗೆ ಮೋಸ ಹೋಗುವುದಿಲ್ಲ.

ಗೊರಿಲ್ಲಾ ಗ್ಲಾಸಿನಂಥ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿಡುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಹೋಗುತ್ತವೆ, ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಬಂದು ಕೂರುತ್ತವೆ. ಬಸ್ಸಿನ ಮೂರು ಜನರ ಸೀಟಿನಿಂದ ಮೂವರು ಮಕ್ಕಳನ್ನು ಎಬ್ಬಿಸಿ ಮೂವರು ದಪ್ಪ ಆಳುಗಳನ್ನು ಕೂರಿಸಿದಂತೆ. ಎಲ್ಲರೂ ಒತ್ತರಿಸಿಕೊಂಡು ಕೂತಾಗ ನಡುವೆ ಸಂದು ಬಿಡುವುದು ಕಷ್ಟ. ಮೇಲ್ಪದರ ಹೀಗೆ ಬಿಗಿಯಾಗಿರುವುದರಿಂದ ಬಿರುಕು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಬಿದ್ದಾಗ, ಬಾಗಿದಾಗ ಗಾಜು ತಡೆದುಕೊಳ್ಳುತ್ತದೆ. ಆದರೆ ಬೆಣಚಿನ ಮುಂದೆ ಅದು ಈಗಲೂ ಗಾಜೇ. 7 ಬಂದು ತಿಕ್ಕಿದರೆ ಗೀರು ಖಚಿತ.

4. ಗೀರನ್ನು ಅಂದದ ವಿಷಯ ಎಂದು ತಳ್ಳಿಹಾಕಬೇಡಿ.

ಗಾಜಿನ ಅಂಗಡಿಗೆ ಹೋಗಿ ನೋಡಿ. ಕಿಟಕಿ ಗಾಜನ್ನು ಯಾರೂ ಗರಗಸದಲ್ಲಿ ಕೊಯ್ಯುವುದಿಲ್ಲ. ಕಟರ್‌ನಿಂದ ಮೇಲೊಂದು ಗೀರು ಎಳೆದು, ಮೇಜಿನ ಅಂಚಿಗಿಟ್ಟು ಮೆಲ್ಲಗೆ ಅದುಮುತ್ತಾರೆ. ಗಾಜು ಆ ಗೀರಿನ ಗುಂಟವೇ ಮುರಿಯುತ್ತದೆ. ನಮ್ಮ ಕಡೆಯ ಕಲ್ಲುಕ್ವಾರಿಯಲ್ಲೂ ಅದೇ ವಿದ್ಯೆ: ಬಂಡೆಯ ಮೇಲೆ ಸಾಲಾಗಿ ಸಣ್ಣ ಗುಳಿ ಕೊರೆದು ಬೆಣೆ ಹೊಡೆದರೆ ಆನೆಯಂಥ ಕಲ್ಲೂ ಆ ಸಾಲಿಗೇ ಸೀಳುತ್ತದೆ. 1920ರ ದಶಕದ ಆರಂಭದಲ್ಲಿ ಎ.ಎ. ಗ್ರಿಫಿತ್ ಎಂಬ ಬ್ರಿಟಿಷ್ ಎಂಜಿನಿಯರ್ ಇದರ ಹಿಂದಿನ ಲೆಕ್ಕ ಕೊಟ್ಟ. ಗಾಜಿನ ಮೇಲೆ ಬೀಳುವ ಒತ್ತಡ ಎಲ್ಲ ಕಡೆ ಸಮನಾಗಿ ಹಂಚಿಹೋಗುವುದಿಲ್ಲ, ಗೀರಿನ ತುದಿಯಲ್ಲಿ ಬಂದು ಗುಡ್ಡೆ ಬೀಳುತ್ತದೆ.

ಆದ್ದರಿಂದ ಆಳವಾದ ಗೀರು ಬಿದ್ದ ಫೋನ್ ಮುಂದಿನ ಸಲ ಕೈಜಾರಿದಾಗ ಒಡೆಯುವ ಸಾಧ್ಯತೆ ಹೆಚ್ಚು. ಇವತ್ತಿನ ಗೀರು ನಾಳೆಯ ಬಿರುಕಿಗೆ ದಾರಿ ಹಾಕಿಕೊಡುತ್ತದೆ. ನನಗೆ ಕೇಳಿದರೆ, ಗಾರ್ಡ್ ಹಾಕಿಸಲು ಇದೇ ಮೊದಲ ಕಾರಣ. ಹೊಳಪು, ಅಂದ ಎಲ್ಲ ಆಮೇಲೆ.

5. ಲೆಕ್ಕ ಹಾಕಿ. ನಿರ್ಧರಿಸಿ. ಮುಗಿಸಿ.

ಒಂದು ಫೋನ್ ಕಾಲ್ ಮಾಡಿ. ನಿಮ್ಮ ಮಾಡೆಲ್‌ನ ಡಿಸ್‌ಪ್ಲೇ ಬದಲಿಸಲು ಸರ್ವಿಸ್ ಸೆಂಟರ್‌ನಲ್ಲಿ ಎಷ್ಟು ಕೇಳುತ್ತಾರೆ ಎಂದು ವಿಚಾರಿಸಿ. ಆ ಅಂಕಿಯನ್ನು ಕಾಗದದಲ್ಲಿ ಬರೆಯಿರಿ. ಪಕ್ಕದಲ್ಲಿ ಗಾರ್ಡ್‌ನ ಖರ್ಚು ಬರೆಯಿರಿ: ಒಂದಕ್ಕೆ 150 ರೂಪಾಯಿ, ವರ್ಷಕ್ಕೆ ಮೂರು, ಎರಡು ವರ್ಷಕ್ಕೆ ಆರು ಎಂದಿಟ್ಟುಕೊಂಡರೆ 900 ರೂಪಾಯಿ. ಫೋನ್ 15,000ದ್ದಾದರೆ ಇದು ಅದರ ಬೆಲೆಯ ನೂರಕ್ಕೆ ಆರು. ಅಮೋಲೆಡ್ ಡಿಸ್‌ಪ್ಲೇ ಇರುವವರು ಇನ್ನೂ ಬೇಗ ನಿರ್ಧರಿಸಿ. ಅಲ್ಲಿ ಮೇಲಿನ ಗಾಜೂ ಒಳಗಿನ ಪ್ಯಾನೆಲ್ಲೂ ಒಂದಕ್ಕೊಂದು ಅಂಟಿರುವುದರಿಂದ ಸಾಮಾನ್ಯವಾಗಿ ಇಡೀ ಕಾಂಬೋ ಬದಲಿಸಬೇಕು. ಎಕ್ಸ್‌ಚೇಂಜ್‌ಗೆ ಕೊಡುವಾಗಲೂ ಗೀರು ಇದೆಯೇ ಎಂದು ಕೇಳಿ ಬೆಲೆ ಇಳಿಸುತ್ತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಖರ್ಚಾದ 900 ಕಣ್ಣಿಗೆ ಕಾಣುತ್ತದೆ, ಉಳಿದ ಸಾವಿರಗಳು ಕಾಣುವುದಿಲ್ಲ. ಅದಕ್ಕೇ ಜನ ತಪ್ಪುತ್ತಾರೆ. ನೀವು ತಪ್ಪಬೇಡಿ.

6. 9ಎಚ್ ಎಂಬ ಅಕ್ಷರಕ್ಕೆ ಮರುಳಾಗಬೇಡಿ.

ಗಾರ್ಡ್ ಪ್ಯಾಕೆಟ್‌ಗಳ ಮೇಲೆಲ್ಲ 9ಎಚ್ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮೋಸ್ ಸಾಲಿನ 9 ಎಂದರೆ ನೀಲಮಣಿ. 150 ರೂಪಾಯಿಗೆ ನೀಲಮಣಿ ಯಾರು ಕೊಡುತ್ತಾರೆ? ಇದು ಪೆನ್ಸಿಲ್‌ನ 9ಎಚ್. ಡ್ರಾಯಿಂಗ್ ಕ್ಲಾಸಿನಲ್ಲಿ ಎಚ್‌ಬಿ, 2ಎಚ್ ಬಳಸಿದ್ದೀರಲ್ಲ, ಅದೇ ಸಾಲಿನ ಗಡಸು ಪೆನ್ಸಿಲ್. ಆ ಪೆನ್ಸಿಲ್‌ನಿಂದ ಎಳೆದರೂ ಗೀರು ಬೀಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಯಾವ ಗಾಜಾದರೂ ಆ ಪರೀಕ್ಷೆ ಪಾಸಾಗುತ್ತದೆ.

ಅಂದರೆ ಗಾರ್ಡ್‌ಗೂ ಗೀರು ಬೀಳುತ್ತದೆ. ಬೀಳಲಿ. ನಿಮ್ಮ ಡಿಸ್‌ಪ್ಲೇ ಬದಲು ಅದು ಗೀರಿಸಿಕೊಳ್ಳಲಿ ಎಂದೇ ಹಾಕಿಸಿದ್ದು.

7. ಫೋನಿಗೆ ತಕ್ಕ ಗಾರ್ಡ್ ಆರಿಸಿ.

ಚಪ್ಪಟೆ ಸ್ಕ್ರೀನ್ ಇದ್ದರೆ ಟೆಂಪರ್ಡ್ ಗ್ಲಾಸ್ ಹಾಕಿಸಿ. ಅಂಗಡಿಯಲ್ಲಿ "ಟೆಂಪರ್" ಎಂದರೆ ಸಾಕು. ದಪ್ಪ ಸುಮಾರು 0.3 ಮಿಲಿಮೀಟರ್ ಇರಲಿ. ಅಂಚಿಗೆ ಮಾತ್ರ ಗೋಂದು ಇರುವುದು ಬೇಡ, ಪೂರ್ತಿ ಅಂಟುವುದನ್ನೇ ಕೇಳಿ. ನಡುವೆ ಗಾಳಿ ಉಳಿದರೆ ಟಚ್ ಮಂಕಾಗುತ್ತದೆ, ಬಿಸಿಲಿನಲ್ಲಿ ಪ್ರತಿಫಲನವೂ ಹೆಚ್ಚುತ್ತದೆ. ಪಾವಗಡದ ಮಧ್ಯಾಹ್ನದಲ್ಲಿ ಇದು ಸಣ್ಣ ವಿಷಯವಲ್ಲ.

ಬಾಗಿದ ಅಂಚಿನ ಸ್ಕ್ರೀನ್ ಇದ್ದರೆ ಮೆತ್ತನೆಯ ಫಿಲ್ಮ್ ಹಾಕಿಸಿ. ಸ್ಕ್ರೀನಿನ ಕೆಳಗೆ ಅಲ್ಟ್ರಾಸಾನಿಕ್ ಫಿಂಗರ್‌ಪ್ರಿಂಟ್ ಇದ್ದರೆ ದಪ್ಪ ಗ್ಲಾಸ್ ಅಡ್ಡಿ ಮಾಡಬಹುದು. ಹಾಕಿಸಿದ ಮೇಲೆ ಬೆರಳಚ್ಚನ್ನು ಮತ್ತೊಮ್ಮೆ ರಿಜಿಸ್ಟರ್ ಮಾಡಿ. ಡಬ್ಬಿ ತೆರೆದಾಗಲೇ ಕಂಪನಿ ಫಿಲ್ಮ್ ಅಂಟಿಸಿದ್ದರೆ ಅದನ್ನು ಕಿತ್ತೆಸೆಯಬೇಡಿ, ಹಾಳಾಗುವವರೆಗೂ ಬಳಸಿ.

ದ್ರವದ ಗೋಂದು ಸುರಿದು ನೀಲಿ ಲೈಟಿನಲ್ಲಿ ಒಣಗಿಸುವ ಯುವಿ ಗ್ಲಾಸ್ ಬೇಡ. ಗೋಂದು ಸ್ಪೀಕರ್‌ಗೂ ಬಟನ್‌ಗೂ ಇಳಿದರೆ ಅದು ಬೇರೆಯೇ ಖರ್ಚು. ಪ್ರೈವೆಸಿ ಗ್ಲಾಸ್ ಬೆಳಕು ತಿನ್ನುತ್ತದೆ, ನೀವು ಬ್ರೈಟ್‌ನೆಸ್ ಏರಿಸುತ್ತೀರಿ, ಬ್ಯಾಟರಿ ಇಳಿಯುತ್ತದೆ. ದಿನಾ ಬಸ್ಸಿನಲ್ಲಿ ಗುಟ್ಟಿನ ಫೈಲ್ ಓದುವ ಕೆಲಸ ಇದ್ದರೆ ಮಾತ್ರ ಅದು.

8. ಅಂಗಡಿಯ ಒಳಗೆ ನಿಂತು ಹಾಕಿಸಿ.

ರಸ್ತೆ ಬದಿಯ ಕೌಂಟರ್‌ನಲ್ಲಿ, ಬಸ್ಸು ಧೂಳೆಬ್ಬಿಸಿ ಹೋಗುವಾಗ, ತಲೆ ಮೇಲೆ ಫ್ಯಾನ್ ತಿರುಗುವಾಗ ಹಾಕಿಸಬೇಡಿ. ಗಾಜು ಅಂಟುವ ಆ ಹತ್ತು ಸೆಕೆಂಡಿನಲ್ಲಿ ಒಂದು ಕಣ ಒಳಗೆ ಸಿಕ್ಕಿದರೂ ಅಲ್ಲೊಂದು ಗುಳ್ಳೆ ಕೂರುತ್ತದೆ. "ಅಣ್ಣಾ, ಒಳಗೆ ಕೂತು ಹಾಕಿಕೊಡಿ, ಅರ್ಜೆಂಟ್ ಇಲ್ಲ" ಎನ್ನಿ. ಒದ್ದೆ ವೈಪ್, ಒಣ ವೈಪ್, ಧೂಳೆತ್ತುವ ಸ್ಟಿಕರ್ ಮೂರನ್ನೂ ಬಳಸಲು ಹೇಳಿ. ಗಾಳಿಯ ಗುಳ್ಳೆ ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ. ಧೂಳಿನ ಗುಳ್ಳೆ ಹೋಗುವುದಿಲ್ಲ. ಅದಕ್ಕೆ ಅಲ್ಲೇ ತೆಗೆಸಿ, ಸ್ವಚ್ಛ ಮಾಡಿಸಿ, ಮತ್ತೆ ಹಾಕಿಸಿ. ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು.

ಮನೆಯಲ್ಲೇ ಹಾಕುವವರು ಬಿಸಿನೀರಿನ ಸ್ನಾನ ಮುಗಿದ ಮೇಲೆ ಬಚ್ಚಲುಮನೆಯಲ್ಲಿ ಹಾಕಿ. ಹಬೆಗೆ ಧೂಳು ಕೆಳಗೆ ಕೂತಿರುತ್ತದೆ.

9. ಒಣ ಧೂಳನ್ನು ಬಟ್ಟೆಯಲ್ಲಿ ಒರೆಸಬೇಡಿ.

ಹದಿಮೂರರಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುತ್ತೀರೆಂದರೆ ಇದನ್ನು ಇಟ್ಟುಕೊಳ್ಳಿ.

ನನ್ನ ಮೊದಲ ಟಚ್ ಫೋನ್ ಹಾಳಾದದ್ದು ಹೀಗೆ. ರಾಗಿ ಒಕ್ಕಣೆಯ ದಿನ ಕಣದಲ್ಲಿ ಫೋನಿನ ಮೇಲೆ ದಪ್ಪಗೆ ಧೂಳು ಕೂತಿತ್ತು. ಹೆಗಲ ಟವೆಲ್ ತೆಗೆದು ಚೆನ್ನಾಗಿ ಉಜ್ಜಿದೆ. ಧೂಳು ಹೋಯಿತು. ಸಂಜೆ ಲೈಟಿನ ಕೆಳಗೆ ಹಿಡಿದರೆ ಸ್ಕ್ರೀನ್ ತುಂಬ ಅರ್ಧಚಂದ್ರದ ಗೀರುಗಳು, ನನ್ನ ಕೈ ತಿರುಗಿದ ದಾರಿಯಲ್ಲೇ. ಫೋನ್ ಬಿದ್ದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಟವೆಲ್ಲೂ ಮೆತ್ತಗೇ ಇತ್ತು. ಆದರೆ ಟವೆಲ್ಲಿಗೂ ಗಾಜಿಗೂ ನಡುವೆ ಬೆಣಚು ಇತ್ತು. ಮೆತ್ತನೆಯ ಬಟ್ಟೆಯ ಕೆಳಗೆ ಗಡಸು ಕಣ ಸಿಕ್ಕಿದರೆ ಅದೇ ಉಪ್ಪುಕಾಗದ. ಆ ಫೋನ್ ಕೊಳ್ಳಲು ಎಷ್ಟು ತಿಂಗಳು ಕೂಡಿಟ್ಟಿದ್ದೆ ಎಂಬುದು ನನಗೆ ಇವತ್ತಿಗೂ ನೆನಪಿದೆ.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನೋಡಿದ್ದೀರಾ? ಅಲ್ಲಿನ ಪ್ಯಾನೆಲ್‌ಗಳ ಮುಖವೂ ಗಾಜೇ. ಧೂಳು ಕೂತರೆ ಕರೆಂಟ್ ಕಡಿಮೆಯಾಗುತ್ತದೆ, ಒರಟಾಗಿ ಉಜ್ಜಿದರೆ ಗಾಜು ಮಂಕಾಗುತ್ತದೆ. ಅದಕ್ಕೇ ಪ್ಯಾನೆಲ್ ತಯಾರಕರು ನೀರು ಮತ್ತು ಮೃದು ಬ್ರಷ್ ಎನ್ನುತ್ತಾರೆ. ನಿಮ್ಮ ಅಂಗೈಯ ಗಾಜಿಗೂ ಅದೇ ಶಿಸ್ತು ತನ್ನಿ. ಮೊದಲು ಫೋನನ್ನು ಓರೆ ಹಿಡಿದು ಊದಿ. ಆಮೇಲೆ ಸ್ವಚ್ಛ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ, ಒತ್ತದೆ, ಒಂದೇ ದಿಕ್ಕಿಗೆ ಎಳೆಯಿರಿ. ಕೊನೆಗೆ ಒಣ ಬಟ್ಟೆ. ಕನ್ನಡಕದ ಬಟ್ಟೆ ಆದರೆ ಉತ್ತಮ. ಟವೆಲ್, ಸೆರಗು, ಯೂನಿಫಾರ್ಮ್ ತೋಳು ಬೇಡ.

10. ಜೇಬು ತಿರುವಿ ಹಾಕಿ.

ಪ್ಯಾಂಟಿನ ಜೇಬಿನ ಮೂಲೆಯಲ್ಲಿ ಬೆರಳಾಡಿಸಿ. ಸಿಕ್ಕುವುದು ನೂಲು, ಮಣ್ಣು, ಮರಳು. ವಾರಕ್ಕೊಮ್ಮೆ ಒಗೆಯುವಾಗ ಜೇಬು ಹೊರಗೆಳೆದು ಕೊಡವಿ. ಒಂದು ಜೇಬು ಫೋನಿಗೆ ಮಾತ್ರ ಎಂದು ನಿಗದಿ ಮಾಡಿ. ಬ್ಯಾಗಿನಲ್ಲಿ ಇಡುವವರು ಸ್ಕ್ರೀನನ್ನು ನೋಟ್‌ಬುಕ್ ಕಡೆಗೆ ತಿರುಗಿಸಿ ಇಡಿ. ಕಟ್ಟೆ, ಬಂಡೆ, ಬಸ್ ಸ್ಟಾಪಿನ ಸಿಮೆಂಟ್ ಬೆಂಚು, ಇವುಗಳ ಮೇಲೆ ಸ್ಕ್ರೀನ್ ಕೆಳಗಾಗಿ ಇಡಲೇಬೇಡಿ. ಸಿಮೆಂಟಿನ ಒಳಗಿರುವುದೂ ಮರಳೇ.

11. ಪೇಸ್ಟ್ ಉಜ್ಜಬೇಡಿ.

ಟೂತ್‌ಪೇಸ್ಟ್‌ನಿಂದ ಗೀರು ಮಾಯ ಎಂಬ ವಿಡಿಯೋ ನಿಮಗೂ ಬಂದಿರುತ್ತದೆ. ಫಾರ್ವರ್ಡ್ ಮಾಡಬೇಡಿ. ಪೇಸ್ಟಿನಲ್ಲಿ ಹಲ್ಲಿನ ಕೊಳೆ ತಿಕ್ಕುವ ನಯವಾದ ಪುಡಿ ಇರುತ್ತದೆ. ಆಳದ ಗೀರನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಆದರೆ ಗಾಜಿನ ಮೇಲೆ ಬೆರಳ ಜಿಡ್ಡು ಅಂಟದಂತೆ ಕಂಪನಿ ಹಚ್ಚಿರುವ ತೆಳುವಾದ ಲೇಪವನ್ನು ತೆಗೆಯುವಷ್ಟು ಶಕ್ತಿ ಇದೆ. ಆಮೇಲೆ ಸ್ಕ್ರೀನ್ ಸದಾ ಜಿಡ್ಡು ಜಿಡ್ಡು.

ಕೊಬ್ಬರಿ ಎಣ್ಣೆ ಸವರಿದರೆ ಗೀರು ಮಾಯವಾದಂತೆ ಕಾಣುವುದು ನಿಜ. ಎಣ್ಣೆಯೂ ಗಾಜೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುತ್ತವೆ, ಹಾಗಾಗಿ ಎಣ್ಣೆ ತುಂಬಿದ ಗೀರಿನಲ್ಲಿ ಬೆಳಕು ಚದುರುವುದಿಲ್ಲ. ಎಣ್ಣೆ ಒರೆಸಿದ ಕೂಡಲೇ ಗೀರು ವಾಪಸ್. ಹೊಸ ಟೆಂಪರ್ ಹಾಕಿಸಿದಾಗ ಹಳೆಯ ಸಣ್ಣ ಗೀರುಗಳು ಕಾಣದಾಗುವುದೂ ಇದೇ ಕಾರಣಕ್ಕೆ, ಅದರ ಗೋಂದು ಗೀರಿನೊಳಗೆ ಕೂರುತ್ತದೆ. ಆದ್ದರಿಂದ "ಆಗಲೇ ಗೀರು ಬಿದ್ದಾಯ್ತು, ಇನ್ನೇನು" ಎಂದು ಕೈ ಚೆಲ್ಲಬೇಡಿ. ಈಗಲೂ ಹಾಕಿಸಿ.

12. ಗಾರ್ಡ್ ಇದೆ ಎಂದು ಮೈಮರೆಯಬೇಡಿ.

ಗೀರಿನ ವಿಷಯದಲ್ಲಿ ಗಾರ್ಡ್ ಪೂರಾ ಕೆಲಸ ಮಾಡುತ್ತದೆ. ಬೀಳುವ ವಿಷಯದಲ್ಲಿ ಅರ್ಧ ಕೆಲಸ. ಮೂಲೆ ಕೆಳಗಾಗಿ ಬಿದ್ದ ಫೋನಿಗೆ ಮೇಲಿನ ಗಾಜು ಏನೂ ಮಾಡಲಾಗದು. ಅದಕ್ಕೆ ಸ್ಕ್ರೀನಿಗಿಂತ ಕೊಂಚ ಎತ್ತರದ ಅಂಚಿರುವ ಬ್ಯಾಕ್ ಕವರ್ ಬೇಕು. ಎರಡನ್ನೂ ಒಟ್ಟಿಗೆ ಕೊಳ್ಳಿ. ಗಾರ್ಡ್ ಒಡೆದರೆ ಅದೇ ದಿನ ಬದಲಿಸಿ. ಅಂಚು ಚಕ್ಕೆ ಎದ್ದ ಗಾಜು ಬೆರಳಿಗೂ ಕಿವಿಗೂ ಚುಚ್ಚುತ್ತದೆ.

13. ಕಿತ್ತ ಗಾರ್ಡನ್ನು ಬಿಸಾಡುವ ಮೊದಲು ಅದರಿಂದ ಕಲಿಯಿರಿ.

ಇದು ವಿದ್ಯಾರ್ಥಿಗಳಿಗೆ. ಅಂಗಡಿಯಲ್ಲಿ ತೆಗೆದ, ಒಡೆಯದ ಹಳೆಯ ಟೆಂಪರ್ ಒಂದನ್ನು ಕೇಳಿ ಪಡೆಯಿರಿ. ಕಪ್ಪು ರಟ್ಟಿನ ಮೇಲೆ ಅಂಟಿಸಿ ಆರು ಚೌಕ ಮಾಡಿ. ಒಂದೊಂದು ಚೌಕಕ್ಕೆ ಒಂದೊಂದು ಪರೀಕ್ಷೆ: ಪೆನ್ಸಿಲ್, 2 ರೂಪಾಯಿ ನಾಣ್ಯ, ಬೀಗದ ಕೈ, ಹೊಲದ ಕೆಮ್ಮಣ್ಣು, ಹೊಳೆ ಮರಳು, ಎಂ ಸ್ಯಾಂಡ್. ಪ್ರತಿಯೊಂದನ್ನೂ ಹತ್ತು ಸಲ ಒಂದೇ ಒತ್ತಡದಲ್ಲಿ ಎಳೆಯಿರಿ. ಮಣ್ಣು ಮರಳನ್ನು ಬೆರಳಿನಲ್ಲಿ ತಿಕ್ಕಬೇಡಿ, ಬಟ್ಟೆ ಸುತ್ತಿದ ರಬ್ಬರ್ ಬಳಸಿ. ತೊಳೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಗೀರುಗಳನ್ನು ಎಣಿಸಿ, ಪಟ್ಟಿ ಮಾಡಿ. ಸೈನ್ಸ್ ಟೀಚರ್‌ಗೆ ತೋರಿಸಿ. ವಸ್ತು ಪ್ರದರ್ಶನಕ್ಕೆ ಇಡುವಂಥ ಪ್ರಾಜೆಕ್ಟ್ ಇದು, ಖರ್ಚು ಸೊನ್ನೆ.

ಎಣಿಸುವಾಗ ಇದೇ ಕೆಲಸ ಇಷ್ಟವಾಯಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಬೇಡಿ. ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತವಾಗಿ ಕಸುಬು ಕಲಿಸುತ್ತವೆ, ಮೊಬೈಲ್ ರಿಪೇರಿಯೂ ಅವರ ಕೋರ್ಸುಗಳಲ್ಲಿ ಒಂದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇದಕ್ಕೆ ಮಾದರಿ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯನ್ನು 2023ರಲ್ಲಿ ಟಾಟಾ ವಹಿಸಿಕೊಂಡಿತು. ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಬಂದಿದೆ. ಅಲ್ಲಿಗೆ ಅರ್ಜಿ ಹಾಕುವ ದಿನ ನಿಮ್ಮ ಆರು ಚೌಕದ ರಟ್ಟಿನ ಫೋಟೋ ಫೋನಿನಲ್ಲಿರಲಿ. ಯಾವ ಚೌಕದಲ್ಲಿ ಎಷ್ಟು ಗೀರು, ಯಾಕೆ ಎಂದು ಎರಡು ನಿಮಿಷದಲ್ಲಿ ಹೇಳುವ ಅಭ್ಯಾಸವನ್ನು ಈಗಲೇ ಶುರು ಮಾಡಿ.